ಮುಂಬೈಯಲ್ಲಿ ತುದಿಗಾಲ ನಡಿಗೆಗೆ ಫಿಸಿಯೊಥೆರಪಿ: ಎಲ್ಲಿ ಏನು ಸಿಗುತ್ತದೆ, ಯಾವುದಕ್ಕೆ ಹಣ ಕೊಡಬೇಕು

ಆಟಿಸಂ ಇರುವ ಮಕ್ಕಳ ತುದಿಗಾಲ ನಡಿಗೆಗೆ ಮುಂಬೈಯಲ್ಲಿ ಮೂರು ಬಗೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಪರೇಲ್, ಹಾಜಿ ಅಲಿ ಕಡೆಯ ದೊಡ್ಡ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಿವೆ. ಮಾಟುಂಗಾದಿಂದ ಮುಲುಂಡ್, ಡೊಂಬಿವಿಲಿವರೆಗೆ ಗಲ್ಲಿಗೊಂದರಂತೆ ಎದ್ದಿರುವ ಖಾಸಗಿ ಥೆರಪಿ ಸೆಂಟರ್‌ಗಳಿವೆ. ಮನೆಗೇ ಬರುವ ಫಿಸಿಯೊಗಳಿದ್ದಾರೆ. ಇವುಗಳ ಜೊತೆಗೆ ಕಾಲಿನ ಸ್ಪ್ಲಿಂಟ್ (ಪಾದವನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಪ್ಲಾಸ್ಟಿಕ್ ಕಟ್ಟು) ಮಾಡಿಕೊಡುವ ವರ್ಕ್‌ಶಾಪ್ ಬೇರೆ. ಮೂರರಲ್ಲಿ ಯಾವುದು ಉತ್ತಮ ಎಂದು ನಮ್ಮ ಕನ್ನಡದ ಮನೆಗಳವರು ಕೇಳಿದಾಗ ಉತ್ತರ ಜಾಗದ ಹೆಸರಿನಲ್ಲಿಲ್ಲ. ಮೊದಲ ದಿನವೇ ಮಗುವಿನ ಮಂಡಿಯನ್ನು ನೇರವಾಗಿಟ್ಟು ಪಾದದ ಕೀಲು ಎಷ್ಟು ಡಿಗ್ರಿ ಮೇಲಕ್ಕೆ ಬರುತ್ತದೆಂದು ಅಳೆದು ಬರೆದುಕೊಳ್ಳುವ ಜಾಗ ಒಳ್ಳೆಯದು. ಹೊರಡುವಾಗ ತಾಯಿಯ ಕೈಯಿಂದಲೇ ಎರಡು ವ್ಯಾಯಾಮ ಮಾಡಿಸಿ ನೋಡುವ ಜಾಗ ಇನ್ನೂ ಒಳ್ಳೆಯದು. ಈ ಎರಡೂ ಇಲ್ಲದಿದ್ದರೆ ಬಣ್ಣಬಣ್ಣದ ಉಯ್ಯಾಲೆ, ಚೆಂಡಿನ ತೊಟ್ಟಿ, ಮಿನುಗುವ ದೀಪಗಳ ಕೋಣೆ ಎಷ್ಟೇ ಇದ್ದರೂ ಹಿಮ್ಮಡಿ ನೆಲಕ್ಕೆ ಬರುವುದು ಅನುಮಾನ.

ಚಿಕಿತ್ಸೆ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಹೆಚ್ಚಿನ ಸೆಂಟರ್‌ಗಳು ಎತ್ತುವುದೇ ಇಲ್ಲ. ಅದನ್ನು ಮೊದಲು ಕೇಳಬೇಕು. ನಡಿಗೆ ಕಲಿಯುವ ವಯಸ್ಸಿನಲ್ಲಿ, ಎರಡು ಮೂರು ವರ್ಷದವರೆಗೆ, ಎಷ್ಟೋ ಮಕ್ಕಳು ಆಗಾಗ ತುದಿಗಾಲಲ್ಲಿ ನಡೆಯುತ್ತಾರೆ. ಆಟಿಸಂ ಇರುವವರಲ್ಲಿ ಇದು ಹೆಚ್ಚು, ಉಳಿದುಕೊಳ್ಳುವುದೂ ಹೆಚ್ಚು. ಅಮೆರಿಕದ ವಿಮಾ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಟಿಸಂ ಇರುವ ಮಕ್ಕಳಲ್ಲಿ ಶೇ 8.4ರಷ್ಟು ಮಂದಿಗೆ ತುದಿಗಾಲ ನಡಿಗೆ ದಾಖಲಾಗಿತ್ತು. ಉಳಿದ ಮಕ್ಕಳಲ್ಲಿ ಅದು ಶೇ 0.47. ಕಾರಣ ಇದೇ ಎಂದು ಯಾರೂ ಖಚಿತಪಡಿಸಿಲ್ಲ. ಅಂಗಾಲಿನ ಸ್ಪರ್ಶ ಸಹಿಸದಿರುವುದು, ಸಮತೋಲದ ಅರಿವು ಬೇರೆಯಾಗಿರುವುದು, ಚಲನೆಯನ್ನು ಹೊಂದಿಸಿಕೊಳ್ಳುವ ಕಷ್ಟ, ಇವೆಲ್ಲ ಊಹೆಗಳ ಪಟ್ಟಿಯಲ್ಲಿವೆ. ಸೆಂಟರಿನವರು ಒಂದೇ ಕಾರಣ ಹೇಳಿ ಅದಕ್ಕೊಂದೇ ಮದ್ದು ಎಂದರೆ ನಂಬುವ ಅಗತ್ಯವಿಲ್ಲ.

ಖುಷಿಯಾದಾಗ ಮಾತ್ರ ತುದಿಗಾಲಲ್ಲಿ ಕುಣಿಯುವ, ಉಳಿದಂತೆ ಹಿಮ್ಮಡಿ ಊರಿ ನಡೆಯುವ, ಮಂಡಿ ನೇರವಿದ್ದಾಗಲೂ ಪಾದ ಸಲೀಸಾಗಿ ಮೇಲೆ ಬರುವ ಮಗುವಿಗೆ ವಾರಕ್ಕೆ ಮೂರು ಸೆಷನ್ ಬೇಕಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಅಳತೆ ಸಾಕು. ಮಗುವಿನ ಸಂತೋಷದ ಕುಣಿತವನ್ನು ತಿದ್ದುವುದು ಇಲ್ಲಿನ ಗುರಿಯಲ್ಲ. ಮೀನಖಂಡ ಬಿಗಿಯಾಗಿ ಗಿಡ್ಡವಾಗಬಾರದು, ಕಾಲು ನೋಯಬಾರದು, ಎಡವಿ ಬೀಳಬಾರದು. ಗುರಿ ಇಷ್ಟೇ.

ಇನ್ನು, ಆಟಿಸಂ ಇದೆ, ಆದ್ದರಿಂದ ತುದಿಗಾಲು ಎಂದು ಮುಖ ನೋಡಿಯೇ ತೀರ್ಮಾನಿಸುವ ಕಡೆ ಮಗುವನ್ನು ಬಿಡಬಾರದು. ಒಂದೇ ಕಾಲಲ್ಲಿ ಮಾತ್ರ ಹಿಮ್ಮಡಿ ಎತ್ತುವುದು, ಮೊದಲು ಪಾದ ಪೂರ್ತಿ ಊರಿ ನಡೆಯುತ್ತಿದ್ದ ಮಗು ಆಮೇಲೆ ತುದಿಗಾಲಿಗೆ ತಿರುಗುವುದು, ಯಾವ ಮುನ್ಸೂಚನೆಯೂ ಇಲ್ಲದೆ ಮೂತ್ರದ ಹಿಡಿತ ತಪ್ಪುವುದು, ಬೆನ್ನಿನ ಕೆಳಭಾಗದಲ್ಲಿ ಕೂದಲ ಗುಚ್ಛ ಅಥವಾ ಕುಳಿ, ಪಾದವನ್ನು ರಭಸವಾಗಿ ಮೇಲೆತ್ತಿದಾಗ ಅದು ತಟತಟನೆ ಬಡಿದುಕೊಳ್ಳುವುದು, ಇವೆಲ್ಲ ಮಕ್ಕಳ ನರತಜ್ಞರ ಬಳಿ ಹೋಗಬೇಕೆನ್ನುವ ಸೂಚನೆಗಳು. ಗಂಡುಮಗು ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ಕೈಯೂರಿ ಹತ್ತಿದಂತೆ ಏಳುತ್ತಿದ್ದರೆ, ಮೀನಖಂಡ ದಪ್ಪನಾಗಿ ಕಾಣುತ್ತಿದ್ದರೆ, ಡುಶೆನ್ ಸ್ನಾಯುರೋಗವಿರಬಹುದು. ಸಿಪಿಕೆ ಎಂಬ ರಕ್ತಪರೀಕ್ಷೆಯನ್ನು ತಡಮಾಡದೆ ಮಾಡಿಸಬೇಕು. ಒಳ್ಳೆಯ ಫಿಸಿಯೊ ಇವನ್ನು ತಾನೇ ಕೇಳುತ್ತಾರೆ, ಬೆನ್ನು ನೋಡುತ್ತಾರೆ, ನೆಲದಿಂದ ಏಳಿಸುತ್ತಾರೆ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಕೊಡದೆ ನೇರವಾಗಿ ಪ್ಯಾಕೇಜಿನ ದರಕ್ಕೆ ಬರುವವರಿಗೆ ಮುಂಗಡ ಕೊಡಬೇಡಿ.

ಅಳತೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಸೇವೆಯ ಗುಣಮಟ್ಟ ಬಯಲಾಗುವುದು ಇಲ್ಲೇ. ಮೀನಖಂಡದಲ್ಲಿ ಎರಡು ಸ್ನಾಯುಗಳಿವೆ. ಹೊರಗಿನದು ಮಂಡಿಯ ಮೇಲಿನಿಂದ ಹೊರಟು ಹಿಮ್ಮಡಿಗೆ ಸೇರುತ್ತದೆ, ಒಳಗಿನದು ಮಂಡಿಯ ಕೆಳಗಿನಿಂದ. ಮಂಡಿ ಮಡಿಸಿದಾಗ ಹೊರಗಿನದು ಸಡಿಲವಾಗುವುದರಿಂದ ಪಾದ ಸುಲಭವಾಗಿ ಮೇಲೆ ಬರುತ್ತದೆ. ಆಗ ಅಳೆದರೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಆದರೆ ನಡೆಯುವಾಗ ದೇಹ ಪಾದದ ಮೇಲೆ ಹಾದುಹೋಗುವ ಗಳಿಗೆಯಲ್ಲಿ ಮಂಡಿ ನೇರವಾಗಿರುತ್ತದೆ. ಪಾದ ಕಾಲಿಗೆ ಲಂಬವಾಗಿರುವ ಸ್ಥಾನವನ್ನು ಸೊನ್ನೆ ಎಂದು ಹಿಡಿದರೆ, ಆಗ ಪಾದ ಅಲ್ಲಿಂದ ಸುಮಾರು 10 ಡಿಗ್ರಿಯಷ್ಟು ಮೇಲಕ್ಕೆ ಬಾಗಲು ಆಗಬೇಕು. ಹಾಗಾಗಿ ಎರಡೂ ಅಳತೆ ಬೇಕು, ಎರಡೂ ಕಾಲಿನದು ಬೇಕು. ಮಂಡಿ ಮಡಿಸಿದಾಗ ಬಂದು ನೇರ ಮಾಡಿದಾಗ ಬಾರದಿದ್ದರೆ ಹೊರಗಿನ ಸ್ನಾಯು ಬಿಗಿ. ಎರಡರಲ್ಲೂ ಬಾರದಿದ್ದರೆ ಒಳಗಿನದೂ ಬಿಗಿ, ಕೆಲಸ ದೊಡ್ಡದು.

ಅಳೆಯುವಾಗ ಪಾದವನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ಹಿಡಿದಿರಬೇಕು. ಇಲ್ಲವಾದರೆ ಹಿಮ್ಮಡಿ ಇದ್ದಲ್ಲೇ ಇದ್ದು ಪಾದದ ನಡುಭಾಗ ಬಾಗುತ್ತದೆ. ಕೋನ ಅಳೆಯುವ ಗೋನಿಯೊಮೀಟರ್ 10 ಡಿಗ್ರಿ ತೋರಿಸುತ್ತದೆ, ನಿಜವಾದದ್ದು ಸೊನ್ನೆ ಇರಬಹುದು. ಇದೇ ತಪ್ಪು ಸ್ಟ್ರೆಚಿಂಗ್‌ನಲ್ಲೂ ಆಗುತ್ತದೆ, ಅಲ್ಲಿ ಅದರ ಬೆಲೆ ಹೆಚ್ಚು: ಬೆರಳುಗಳ ಬುಡ ಹಿಡಿದು ಮೇಲಕ್ಕೆ ಒತ್ತುತ್ತಾ ಹೋದರೆ ಮೀನಖಂಡ ಉದ್ದವಾಗುವುದಿಲ್ಲ, ಪಾದದ ಕಮಾನು ಕುಸಿಯುತ್ತದೆ.

ಎರಡನೆಯ ಅಳತೆ ನಡಿಗೆಯದು. ಬರಿಗಾಲಲ್ಲಿ ಒಮ್ಮೆ, ಶೂ ಹಾಕಿ ಒಮ್ಮೆ, ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ತೆಗೆದು 50 ಹೆಜ್ಜೆಗಳಲ್ಲಿ ಎಷ್ಟರಲ್ಲಿ ಹಿಮ್ಮಡಿ ಮೊದಲು ತಾಗಿತು ಎಂದು ಎಣಿಸುವುದು. ಮಗುವಿಗೆ ತಿಳಿಯದಂತೆ ತೆಗೆದರೆ ಒಳ್ಳೆಯದು. ಥೆರಪಿಸ್ಟರ ಎದುರು ಚೆನ್ನಾಗಿ ನಡೆದು ಲಿಫ್ಟಿನ ಹತ್ತಿರ ಹೋಗುತ್ತಿದ್ದಂತೆ ತುದಿಗಾಲಿಗೆ ಏರುವ ಮಕ್ಕಳು ಬಹಳ. ಆರು ವಾರಕ್ಕೊಮ್ಮೆ ಇದೇ ಎಣಿಕೆ ಮಾಡಿದರೆ ಹಣ ಎಲ್ಲಿಗೆ ಹೋಗುತ್ತಿದೆಯೆಂದು ಗೊತ್ತಾಗುತ್ತದೆ. "ಇಂಪ್ರೂವ್ಮೆಂಟ್ ಇದೆ" ಎಂಬ ಮಾತು ಅಳತೆಯಲ್ಲ.

ಸರ್ಕಾರಿ ಹಾಗೂ ಟ್ರಸ್ಟ್ ಆಸ್ಪತ್ರೆಗಳ ಬಗ್ಗೆ ನಮ್ಮವರಲ್ಲಿ ಇರುವ ಹಿಂಜರಿಕೆ ಬಹುಪಾಲು ಸರಿಯಲ್ಲ. ಹಾಜಿ ಅಲಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ಭೌತ ಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಇದೆ; 1955ರಿಂದ ಇರುವ ಸಂಸ್ಥೆ. ಪುನರ್ವಸತಿ ವೈದ್ಯರು, ಫಿಸಿಯೊ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ರೂಢಿಸುವ ಚಿಕಿತ್ಸೆ), ಸ್ಪ್ಲಿಂಟ್ ವಿಭಾಗ ಎಲ್ಲವೂ ಒಂದೇ ಆವರಣದಲ್ಲಿವೆ. ತುದಿಗಾಲ ನಡಿಗೆಗೆ ಈ ನಾಲ್ವರೂ ಒಬ್ಬರ ಮಾತು ಒಬ್ಬರು ಕೇಳಬೇಕಾಗುವುದರಿಂದ ಇದು ದೊಡ್ಡ ಅನುಕೂಲ. ಪರೇಲ್‌ನಲ್ಲಿ ಮಕ್ಕಳಿಗೆಂದೇ ಇರುವ ವಾಡಿಯಾ ಆಸ್ಪತ್ರೆ, ಅದರ ನೆರೆಯಲ್ಲೇ ಕೆಇಎಂ ಬೋಧನಾ ಆಸ್ಪತ್ರೆ. ಭಾರತದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ 1950ರಲ್ಲಿ ಕಮಲಾ ನಿಂಬಕರ್ ಅವರ ಶ್ರಮದಿಂದ ಶುರುವಾದದ್ದು ಕೆಇಎಂನಲ್ಲೇ. ಬೋಧನಾ ಆಸ್ಪತ್ರೆಗಳಲ್ಲಿ ಅಳತೆ, ಬರಹ, ಮರುಪರೀಕ್ಷೆ ಇವುಗಳಿಗೆ ಶಿಸ್ತು ಇರುತ್ತದೆ, ಏಕೆಂದರೆ ವಿದ್ಯಾರ್ಥಿಗಳು ಅದನ್ನು ಅಧ್ಯಾಪಕರಿಗೆ ಒಪ್ಪಿಸಬೇಕು. ರೋಗನಿರ್ಣಯ, ಕಾಲಿಗೆ ಪ್ಲಾಸ್ಟರ್ ಹಾಕುವ ನಿರ್ಧಾರ, ಅಂಗವೈಕಲ್ಯದ ಪ್ರಮಾಣಪತ್ರ ಇವಕ್ಕೆ ಇಂಥ ಕಡೆಯೇ ಹೋಗಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕೊರತೆಯೂ ಇದೆ. ಇಂಥ ಯಾವುದೇ ದೊಡ್ಡ ಆಸ್ಪತ್ರೆಯ ಸಾಲು, ಗದ್ದಲ, ಪಿನಾಯಿಲ್ ವಾಸನೆ, ಟ್ಯೂಬ್‌ಲೈಟ್, ಇವು ಆಟಿಸಂ ಇರುವ ಮಗುವಿಗೆ ತಡೆಯಲಾರದ ಹಿಂಸೆ. ಒಳಗೆ ಹೋಗುವ ಹೊತ್ತಿಗೆ ಅದು ಬಳಲಿರುತ್ತದೆ, ಅಳತೆಗೆ ಕಾಲು ಕೊಡುವುದಿಲ್ಲ. ಇಬ್ಬರು ದೊಡ್ಡವರು ಹೋಗುವುದು ಒಳ್ಳೆಯದು: ಒಬ್ಬರು ಸಾಲಿನಲ್ಲಿ, ಇನ್ನೊಬ್ಬರು ಮಗುವಿನ ಜೊತೆ ಹೊರಗೆ ಮರದ ನೆರಳಲ್ಲಿ. ಕಿವಿ ಮುಚ್ಚುವ ಹೆಡ್‌ಫೋನ್, ಪರಿಚಿತ ತಿಂಡಿ, ಮನೆಯಲ್ಲಿ ತೆಗೆದ ನಡಿಗೆಯ ವಿಡಿಯೊ ಕೈಯಲ್ಲಿರಲಿ. ಮಗು ಅಲ್ಲಿ ನಡೆಯಲು ಒಪ್ಪದಿದ್ದರೂ ವಿಡಿಯೊ ನೋಡಿ ವೈದ್ಯರು ಅರ್ಧ ಕೆಲಸ ಮಾಡಬಲ್ಲರು. ವಾರಕ್ಕೆರಡು ಬಾರಿ ಥಾಣೆಯಿಂದ ಪರೇಲ್‌ಗೆ ಲೋಕಲ್‌ನಲ್ಲಿ ಹೋಗಿಬರುವ ಯೋಜನೆ ಮಾತ್ರ ಬಾಳುವುದಿಲ್ಲ. ಮಳೆಗಾಲದಲ್ಲಿ ಅದು ಮೊದಲು ನಿಲ್ಲುತ್ತದೆ. ಅಂಗವೈಕಲ್ಯದ ಕಾರ್ಡ್ ಇದ್ದರೆ ದಿವ್ಯಾಂಗರ ಡಬ್ಬಿಯಲ್ಲಿ ಹೋಗಬಹುದು, ಅಷ್ಟರಮಟ್ಟಿಗೆ ನೂಕುನುಗ್ಗಲು ತಪ್ಪುತ್ತದೆ.

ಖಾಸಗಿ ಸೆಂಟರ್‌ಗಳಲ್ಲಿ ವ್ಯತ್ಯಾಸ ಅಪಾರ. ಚೆನ್ನಾಗಿರುವಲ್ಲಿ ಒಬ್ಬರೇ ಥೆರಪಿಸ್ಟ್ ತಿಂಗಳುಗಟ್ಟಲೆ ಮಗುವಿನ ಜೊತೆ ಇರುತ್ತಾರೆ, ಮಗುವಿಗೆ ಏನಿಷ್ಟ ಎಂದು ತಿಳಿದಿರುತ್ತಾರೆ, ಅದನ್ನೇ ಹಿಡಿದು ಕೆಲಸ ಮಾಡಿಸುತ್ತಾರೆ. ಸರಿಯಿಲ್ಲದಲ್ಲಿ 45 ನಿಮಿಷದ ಸೆಷನ್‌ನಲ್ಲಿ ಶೂ ಬಿಚ್ಚಲು ಹತ್ತು, ಅಳು ನಿಲ್ಲಿಸಲು ಹದಿನೈದು, ಮಲಗಿಸಿ ಕಾಲು ಒತ್ತಲು ಹದಿನೈದು, ಉಳಿದದ್ದು ಟ್ರ್ಯಾಂಪೊಲಿನ್. ತುದಿಗಾಲ ಮಗುವನ್ನು ಟ್ರ್ಯಾಂಪೊಲಿನ್ ಮೇಲೆ ಸುಮ್ಮನೆ ಜಿಗಿಸುವುದು ಮೀನಖಂಡಕ್ಕೇ ವ್ಯಾಯಾಮ ಕೊಟ್ಟಂತೆ. ಈಗಾಗಲೇ ಹೆಚ್ಚು ದುಡಿಯುತ್ತಿರುವ ಸ್ನಾಯು ಅದು. ಬಲ ಬರಬೇಕಾದದ್ದು ಮೀನಖಂಡದ ಎದುರು ಬದಿಯ, ಕಾಲಿನ ಮುಂಭಾಗದ ಸ್ನಾಯುವಿಗೆ, ಪಾದವನ್ನು ಮೇಲೆತ್ತುವಂಥದ್ದಕ್ಕೆ. ಅದಕ್ಕೆ ಹಿಮ್ಮಡಿಯ ಮೇಲೆ ನಡೆಸುವುದು, ಇಳಿಜಾರು ಹತ್ತಿಸುವುದು, ಚಕ್ರದ ಹಲಗೆಯ ಮೇಲೆ ಕೂರಿಸಿ ಹಿಮ್ಮಡಿಯಿಂದ ನೆಲ ಎಳೆಯುತ್ತಾ ಮುಂದೆ ಹೋಗುವಂತೆ ಮಾಡುವುದು, ಬೆನ್ನನ್ನು ಗೋಡೆಗೆ ಕೊಟ್ಟು ನಿಲ್ಲಿಸಿ ಬೆರಳುಗಳನ್ನು ಎತ್ತಿಸುವುದು. ಸೆಷನ್ ನೋಡುತ್ತಿರುವ ತಂದೆತಾಯಿ ಇದೊಂದನ್ನು ಗಮನಿಸಿದರೆ ಸಾಕು. ಬಾಗಿಲು ಮುಚ್ಚಿ ತಂದೆತಾಯಿಯನ್ನು ಹೊರಗೆ ಕೂರಿಸುವ ಪದ್ಧತಿಯಿದ್ದರೆ ಕಾರಣ ಕೇಳಿ. ಮಗುವಿನ ಗಮನ ಚದುರುತ್ತದೆ ಎಂದರೆ ಕೊನೆಯ ಹತ್ತು ನಿಮಿಷವಾದರೂ ಒಳಗೆ ಬಿಡಬೇಕು.

ಫಿಸಿಯೊ ಮಹಾರಾಷ್ಟ್ರ ರಾಜ್ಯದ ಆಕ್ಯುಪೇಷನಲ್ ಥೆರಪಿ ಮತ್ತು ಫಿಸಿಯೊಥೆರಪಿ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಸ್ಪ್ಲಿಂಟ್ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ. ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ, ಬಿಲ್ಲಿನ ಮೇಲೆ ಅದು ಇರಲೇಬೇಕು. ಇಪ್ಪತ್ತು ಮೂವತ್ತು ಸೆಷನ್‌ಗಳ ಹಣವನ್ನು ಒಟ್ಟಿಗೆ ಕಟ್ಟಿಸಿಕೊಂಡು ಮಳೆಯಲ್ಲಿ ತಪ್ಪಿದ ದಿನಗಳನ್ನೂ ಲೆಕ್ಕಕ್ಕೆ ಹಿಡಿಯುವ ಷರತ್ತು ಅಲ್ಲಲ್ಲಿ ಇದೆ. ತಿಂಗಳು ತಿಂಗಳು ಕಟ್ಟುವ ಏರ್ಪಾಡು ಕೇಳಿ. "ಮೂರು ತಿಂಗಳಲ್ಲಿ ಪೂರ್ತಿ ವಾಸಿ" ಎಂಬ ಭರವಸೆ ಕೊಡುವ ಕಡೆಗೆ ಹೋಗಲೇಬೇಡಿ. ಈ ನಡಿಗೆ ಸರಿಹೋದ ಮೇಲೂ ಬೆಳವಣಿಗೆಯ ಕಾಲದಲ್ಲಿ ಮರಳಬಹುದು.

ಭಾಷೆಯ ಮಾತು ಇಲ್ಲಿ ಬರಬೇಕು, ಏಕೆಂದರೆ ಮುಂಬೈಯ ಕನ್ನಡ, ತುಳು ಮನೆಗಳಿಗೆ ಇದು ದಿನನಿತ್ಯದ ತೊಡಕು. ಸೆಂಟರಿನಲ್ಲಿ ಹಿಂದಿ ಅಥವಾ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ. ಪಾದ ಊರು ಎನ್ನುವುದಕ್ಕೆ ಮೂರು ಕಡೆ ಮೂರು ವಾಕ್ಯ ಬಿದ್ದರೆ ಮಗುವಿಗೆ ಅದು ಬರಿಯ ಸದ್ದು. ಎರಡೇ ಪದದ ಒಂದು ಸೂಚನೆ ಗೊತ್ತುಮಾಡಿ, "ಹಿಮ್ಮಡಿ ಕೆಳಗೆ" ಎಂದೇ ಇರಲಿ, ಅದನ್ನು ದೇವನಾಗರಿಯಲ್ಲಿ ಬರೆದು ಥೆರಪಿಸ್ಟರ ಫೈಲಿನ ಮೊದಲ ಪುಟದಲ್ಲಿ ಅಂಟಿಸಿ. ಮಾತಿನ ಜೊತೆ ಒಂದೇ ಸನ್ನೆ: ತಮ್ಮದೇ ಹಿಮ್ಮಡಿಯನ್ನು ಎರಡು ಸಲ ನೆಲಕ್ಕೆ ತಟ್ಟುವುದು. ಕೆಲವು ಕಡೆ ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಒಂದನ್ನೇ ಆಡಿ ಎಂದು ಹೇಳುತ್ತಾರೆ. ಆ ಸಲಹೆಗೆ ಆಧಾರವಿಲ್ಲ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅಜ್ಜಿಯ ಜೊತೆ ಆಡುವ ಭಾಷೆಯನ್ನು ಕಿತ್ತುಕೊಳ್ಳುವ ಚಿಕಿತ್ಸೆ ಯಾವ ಮಗುವಿಗೂ ಬೇಡ.

ಇದರ ಜೊತೆಗೆ ಇನ್ನೊಂದು: ದಿನವಿಡೀ ಕಾಲು ಕೆಳಗಿಡು ಎಂದು ಗದರುತ್ತಿದ್ದರೆ ಆ ಮಾತು ಫ್ಯಾನಿನ ಸದ್ದಿನಲ್ಲಿ ಸೇರಿಹೋಗುತ್ತದೆ. ದಿನಕ್ಕೆ ಮೂರು ನಾಲ್ಕು ಸಣ್ಣ ಹೊತ್ತು ಆರಿಸಿಕೊಂಡು, ಆಗ ಮಾತ್ರ ಸೂಚನೆ ಕೊಟ್ಟು, ಐದು ಹೆಜ್ಜೆ ಸರಿಯಾಗಿ ಇಟ್ಟ ಕೂಡಲೇ ಇಷ್ಟದ ವಸ್ತು ಕೊಡಬೇಕು. ಆಮೇಲೆ ಹತ್ತು, ಆಮೇಲೆ ಕೋಣೆಯಿಂದ ಕೋಣೆಗೆ.

ಮನೆಗೆ ಬರುವ ಫಿಸಿಯೊ ಸೇವೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ, ಒಂದು ಷರತ್ತಿನ ಮೇಲೆ. ಅವರು ಮಗುವಿಗೆ ವ್ಯಾಯಾಮ ಮಾಡಿಸಿ ಹೋಗುವವರಾಗಬಾರದು, ಮನೆಯವರಿಗೆ ಕಲಿಸುವವರಾಗಬೇಕು. ವಾರಕ್ಕೆ ಮೂರು ಗಂಟೆ ಫಿಸಿಯೊ ಇದ್ದರೂ ಉಳಿದ ಎಚ್ಚರದ ಹೊತ್ತೆಲ್ಲ ಮಗು ಮನೆಯವರ ಜೊತೆ ಇರುತ್ತದೆ. ಹಾಗಾಗಿ ಎಣ್ಣೆ ಹಚ್ಚಿ ತೀಡುವುದಕ್ಕೆ, ಕಾಲಿಗೆ ಕರೆಂಟಿನ ಯಂತ್ರ ಕಟ್ಟುವುದಕ್ಕೆ ದಿನಕ್ಕಿಷ್ಟು ಎಂದು ಕೊಡುವುದು ವ್ಯರ್ಥ. ಒಳ್ಳೆಯವರು ಮನೆಯನ್ನೇ ನೋಡುತ್ತಾರೆ. ಯಾವ ನೆಲದ ಮೇಲೆ ಹಿಮ್ಮಡಿ ತಾನಾಗಿ ಇಳಿಯುತ್ತದೆ? ನುಣುಪು ಟೈಲ್ಸ್ ಮೇಲೆಯೇ, ತೆಂಗಿನನಾರಿನ ಮ್ಯಾಟ್ ಮೇಲೆಯೇ, ಚಾಳಿನ ಗ್ಯಾಲರಿಯ ಒರಟು ಸಿಮೆಂಟಿನ ಮೇಲೆಯೇ? ಉತ್ತರ ಮಗುವಿನಿಂದ ಮಗುವಿಗೆ ಬೇರೆ. ದಾದರ್ ಚೌಪಾಟಿಯ ಮರಳಲ್ಲಿ ನಡೆಸಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಒಣ ಮರಳಲ್ಲಿ ಹಿಮ್ಮಡಿ ಹುದುಗುತ್ತದೆ, ಅದು ಕೆಲವರಿಗೆ ಒಳ್ಳೆಯದು. ಅಂಗಾಲಿನ ಸ್ಪರ್ಶ ಸಹಿಸದ ಮಗು ಅದೇ ಮರಳಲ್ಲಿ ಇನ್ನೂ ಎತ್ತರದ ತುದಿಗಾಲಿಗೆ ಏರುತ್ತದೆ. ಅಂಥ ಮಗುವಿಗೆ ಮೊದಲು ಅಂಗಾಲನ್ನು ಅಂಗೈಯಿಂದ ಗಟ್ಟಿಯಾಗಿ ಒಂದೆರಡು ನಿಮಿಷ ಒತ್ತಿ, ಶೂ ಹಾಕಿಯೇ ನಡೆಸಬೇಕು. ಹಗುರವಾಗಿ ಸವರುವುದು ಕಚಗುಳಿಯಾಗಿ ಕೆಲಸ ಕೆಡುತ್ತದೆ.

ಮನೆಯಲ್ಲಿ ಮಾಡುವುದರಲ್ಲಿ ಮುಖ್ಯವಾದದ್ದು ಸ್ಟ್ರೆಚಿಂಗ್. ಬಿಸಿನೀರಿನ ಸ್ನಾನವಾದ ಮೇಲೆ, ಮಗು ಟಿವಿ ನೋಡುತ್ತಾ ಮಲಗಿರುವಾಗ ಒಳ್ಳೆಯ ಹೊತ್ತು. ಒಂದು ಕೈಯ ಬೊಗಸೆಯಲ್ಲಿ ಹಿಮ್ಮಡಿ ಹಿಡಿದು ಕೆಳಕ್ಕೆ ಎಳೆಯಬೇಕು, ಅದೇ ಮುಂಗೈಯನ್ನು ಅಂಗಾಲಿಗೆ ಒರಗಿಸಿ ನಿಧಾನವಾಗಿ ಒತ್ತಬೇಕು, ಇನ್ನೊಂದು ಕೈ ಮಂಡಿಯ ಮೇಲೆ, ಅದು ಮಡಚದಂತೆ. ಪಾದ ತುಸು ಒಳಕ್ಕೆ. ತಡೆ ಸಿಕ್ಕಲ್ಲಿ ನಿಂತು 30 ಸೆಕೆಂಡು, ಕಾಲಿಗೆ ನಾಲ್ಕೈದು ಸಲ, ಬೆಳಿಗ್ಗೆ ರಾತ್ರಿ. ಮಗು ಅತ್ತರೆ ಒತ್ತಡ ಹೆಚ್ಚಾಯಿತೆಂದೇ ಅರ್ಥ. ಅಳಿಸುತ್ತಾ ಮಾಡಿದರೆ ಸ್ನಾಯು ಇನ್ನೂ ಬಿಗಿಯುತ್ತದೆ, ವಾರ ಕಳೆಯುವಷ್ಟರಲ್ಲಿ ಮಗು ಕಾಲು ಮುಟ್ಟಲೂ ಬಿಡುವುದಿಲ್ಲ.

ಮಲಗಿಸಿ ಎಳೆಯುವುದಕ್ಕಿಂತ ನಿಂತು ಆಗುವ ಸ್ಟ್ರೆಚ್ ಮಕ್ಕಳಿಗೆ ಸುಲಭ. ಅದಕ್ಕೆ ಇಳಿಜಾರಿನ ಹಲಗೆ ಬೇಕು. ಅಂಗಡಿಯಲ್ಲಿ ದುಬಾರಿಗೆ ಕೊಳ್ಳುವ ಅಗತ್ಯವಿಲ್ಲ. ಬಡಗಿಗೆ ಹೇಳಿ 40 ಸೆಂಟಿಮೀಟರ್ ಉದ್ದ, 30 ಅಗಲದ ಪ್ಲೈವುಡ್ ಹಲಗೆಯ ಒಂದು ತುದಿಯನ್ನು 7 ಸೆಂಟಿಮೀಟರ್ ಎತ್ತರಿಸಿದರೆ 10 ಡಿಗ್ರಿಯ ಇಳಿಜಾರು ಬರುತ್ತದೆ. ಹತ್ತೂವರೆ ಸೆಂಟಿಮೀಟರ್ ಎತ್ತರಿಸಿದರೆ 15 ಡಿಗ್ರಿ. ಬೆರಳು ಎತ್ತರದ ಕಡೆಗೆ, ಹಿಮ್ಮಡಿ ತಗ್ಗಿನ ಕಡೆಗೆ. ಹಲಗೆಯ ಅಡಿಗೂ ಮೇಲಕ್ಕೂ ಜಾರದ ಮ್ಯಾಟ್ ಅಂಟಿಸಬೇಕು. ಕಮಾನಿಗೆ ಆಸರೆಯಿರಲೆಂದು ಶೂ ಹಾಕಿ, ಎದೆಯ ಎತ್ತರದಲ್ಲಿ ಗೋಡೆಗೆ ಚಿತ್ರ ಅಂಟಿಸುವ ಆಟವೋ ಬಣ್ಣ ಬಳಿಯುವುದೋ ಇಟ್ಟು ಐದು ನಿಮಿಷ ನಿಲ್ಲಿಸಿ. ಮಂಡಿ ಮಡಚಿಕೊಂಡರೆ, ಸೊಂಟ ಹಿಂದಕ್ಕೆ ಹೋದರೆ ಇಳಿಜಾರು ಹೆಚ್ಚಾಗಿದೆ, ಕಡಿಮೆ ಮಾಡಿ.

ನಮ್ಮ ಮನೆಗಳ ಮಣೆಗೆ ಇಲ್ಲಿ ಒಳ್ಳೆಯ ಕೆಲಸವಿದೆ. ಹಿಮ್ಮಡಿಯನ್ನು ನೆಲಕ್ಕೆ ಊರಿಸಿ, ಅದರ ಮೇಲೆ ಕೂರಿಸಿ ಏಳಿಸುವುದು, ಹತ್ತು ಸಲ. ಕುಕ್ಕರಗಾಲಲ್ಲಿ ಕೂತು ಆಡಿಸುವುದೂ ಹಾಗೇ. ಕೂತಾಗ ಹಿಮ್ಮಡಿ ನೆಲ ಮುಟ್ಟದಿದ್ದರೆ ಅದರಡಿಗೆ ಎರಡು ಮೂರು ಸೆಂಟಿಮೀಟರ್ ದಪ್ಪದ ಪುಸ್ತಕ ಇಡಿ, ವಾರಗಳು ಕಳೆದಂತೆ ತೆಳುವಾದದ್ದಕ್ಕೆ ಬದಲಾಯಿಸಿ. ಇದರಲ್ಲಿ ಮಂಡಿ ಮಡಚಿರುವುದರಿಂದ ಒಳಸ್ನಾಯುವಿಗೆ ಮಾತ್ರ ಎಳೆತ; ಹಲಗೆಯ ಮೇಲೆ ನಿಲ್ಲುವುದನ್ನು ಇದು ತಪ್ಪಿಸುವುದಿಲ್ಲ. ಇಳಿಜಾರು ಹತ್ತಲು ಕೆಲವು ಕಡೆ ಸ್ಕೈವಾಕ್‌ನ ಹಾಗೂ ಸ್ಟೇಷನ್ ಸೇತುವೆಯ ರ‍್ಯಾಂಪ್‌ಗಳಿವೆ, ಭಾನುವಾರ ಬೆಳಿಗ್ಗೆ ಖಾಲಿಯಿರುತ್ತವೆ.

ಪೀಪಿ ಶೂ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಹೆಜ್ಜೆಯಿಟ್ಟಾಗ ಚೀಂ ಎನ್ನುವ ಮಕ್ಕಳ ಶೂನ ಸೀಟಿ ಸಾಮಾನ್ಯವಾಗಿ ಹಿಮ್ಮಡಿಯಲ್ಲಿರುತ್ತದೆ; ಹಿಮ್ಮಡಿ ಊರಿದರೆ ಮಾತ್ರ ಸದ್ದು. ಆಟಿಸಂ ಇರುವ ಕೆಲವೇ ಮಕ್ಕಳ ಮೇಲೆ ಇದೇ ಬಗೆಯ ಸದ್ದಿನ ಸಾಧನವನ್ನು ಶೂನೊಳಗಿಟ್ಟು, ಜೊತೆಗೆ ಅಭ್ಯಾಸ ತಿದ್ದುವ ತರಬೇತಿ ಕೊಟ್ಟು ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಗಿದೆ, ತುದಿಗಾಲ ಹೆಜ್ಜೆ ಕಡಿಮೆಯಾಗಿತ್ತು. ಕೊಳ್ಳುವಾಗ ಹಿಮ್ಮಡಿಯನ್ನು ಹೆಬ್ಬೆರಳಿಂದ ಒತ್ತಿ ನೋಡಿ, ಸೀಟಿ ಅಲ್ಲೇ ಇರಬೇಕು. ಸದ್ದು ಕೇಳಿ ಕಿವಿ ಮುಚ್ಚುವ ಮಗುವಿಗೆ ಇದು ಬೇಡವೇ ಬೇಡ. ಇನ್ನು ಕೀಲು ಬಿಗಿದು ಹಿಮ್ಮಡಿ ನೆಲಕ್ಕೆ ಬರಲಾಗದ ಮಗುವಿಗೆ ಯಾವ ಸೀಟಿಯೂ ಪ್ರಯೋಜನವಿಲ್ಲ, ಮೊದಲು ಸ್ನಾಯುವಿಗೆ ಉದ್ದ ಬರಬೇಕು.

ಸ್ಪ್ಲಿಂಟ್, ಅಂದರೆ ಎಎಫ್‌ಒ, ಈ ಸೇವೆಗಳಲ್ಲೆಲ್ಲ ಅತಿ ಹೆಚ್ಚು ಹಣ ಪೋಲಾಗುವ ಜಾಗ. ತುದಿಗಾಲಿಗೆ ಬೇಕಾದದ್ದು ಸಾಮಾನ್ಯವಾಗಿ ಕೀಲು ಇರುವಂಥದ್ದು: ಪಾದ ಮೇಲಕ್ಕೆ ಬಾಗಲು ಬಿಡುತ್ತದೆ, ಕಾಲಿಗೆ 90 ಡಿಗ್ರಿಯ ಕೋನಕ್ಕಿಂತ, ಅಂದರೆ ಅಳತೆಯ ಸೊನ್ನೆಗಿಂತ, ಕೆಳಕ್ಕೆ ಇಳಿಯಲು ಬಿಡುವುದಿಲ್ಲ. ಪಾದದ ಗಂಟಿನವರೆಗೆ ಮಾತ್ರ ಬರುವ ಗಿಡ್ಡ ಸ್ಪ್ಲಿಂಟ್ ಕಮಾನಿಗೆ ಆಸರೆ ಕೊಡುತ್ತದೆಯೇ ಹೊರತು ತುದಿಗಾಲನ್ನು ತಡೆಯುವುದಿಲ್ಲ. ಅದನ್ನೇ ಕೊಟ್ಟು ಕಳಿಸುವುದುಂಟು. ಮಂಡಿ ನೇರವಿಟ್ಟಾಗ ಪಾದ ಸೊನ್ನೆ ಡಿಗ್ರಿಗೂ ಬಾರದ ಮಗುವಿಗೆ 90 ಡಿಗ್ರಿಯ ಸ್ಪ್ಲಿಂಟ್ ಹಾಕಿದರೆ ಹಿಮ್ಮಡಿ ಒಳಗೇ ಮೇಲೆದ್ದು ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿ, ಒಳಗೆ ಪಾದದ ನಡುಭಾಗ ಮುರಿದಂತೆ ಬಾಗುತ್ತಿರುತ್ತದೆ. ಇದನ್ನು ಪತ್ತೆಹಚ್ಚಲು ಹಿಮ್ಮಡಿಯ ಹಿಂಬದಿಯಲ್ಲಿ ಸಣ್ಣ ಕಿಂಡಿ ಬಿಡಿಸಿಕೊಳ್ಳಿ, ಹಿಮ್ಮಡಿ ಕೂತಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಪಾದದ ಗಂಟಿನ ಮುಂದೆ ಓರೆಯಾಗಿ ಹಾದುಹೋಗುವ ಪಟ್ಟಿಯೇ ಹಿಮ್ಮಡಿಯನ್ನು ಹಿಂದಕ್ಕೂ ಕೆಳಕ್ಕೂ ಹಿಡಿಯುವುದು, ಅದನ್ನು ಮೊದಲು ಬಿಗಿಯಬೇಕು. ಪೂರ್ತಿ ಹಣವನ್ನು ಎರಡನೆಯ ಫಿಟ್ಟಿಂಗ್ ಮುಗಿದ ಮೇಲೆ ಕೊಡಿ.

ಮೊದಲ ದಿನ ಅರ್ಧ ಗಂಟೆಯಂತೆ ಎರಡು ಸಲ, ದಿನಕ್ಕೆ ಅರ್ಧ ಗಂಟೆ ಏರಿಸುತ್ತಾ ಒಂದೆರಡು ವಾರದಲ್ಲಿ ಆರೆಂಟು ಗಂಟೆಗೆ ತರಬೇಕು. ಬಿಚ್ಚಿದ ಮೇಲೆ ಚರ್ಮದ ಕೆಂಪು 20-30 ನಿಮಿಷದಲ್ಲಿ ಹೋಗದಿದ್ದರೆ ಆ ಜಾಗವನ್ನು ಪೆನ್ನಿನಿಂದ ಗುರುತಿಸಿ, ಫೋಟೊ ತೆಗೆದು, ವರ್ಕ್‌ಶಾಪಿಗೆ ವಾಪಸ್ ಒಯ್ಯಿರಿ. ಬಿಸಿ ಮಾಡಿ ಸರಿಪಡಿಸುತ್ತಾರೆ. ಮುಂಬೈಯ ಸೆಖೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಬೆವರು ತಪ್ಪದು. ಮಂಡಿಯವರೆಗಿನ, ಹೊಲಿಗೆ ಚುಚ್ಚದ ಹತ್ತಿ ಕಾಲುಚೀಲ ಎರಡು ಜೊತೆ ಶಾಲೆಯ ಬ್ಯಾಗಿನಲ್ಲಿರಲಿ, ಮಧ್ಯಾಹ್ನ ಬದಲಿಸಲು. ಟೈಲ್ಸ್ ಮೇಲೆ ಬರಿಯ ಸ್ಪ್ಲಿಂಟ್‌ನಲ್ಲಿ ಬಿಟ್ಟರೆ ಜಾರಿ ಬೀಳುವುದು ಖಂಡಿತ. ಒಳಹಾಳೆ ತೆಗೆದ, ಒಂದು ಅಳತೆ ದೊಡ್ಡದಾದ ಅಗಲದ ಶೂ ಬೇಕು.

ಪಾದ ಸೊನ್ನೆ ಡಿಗ್ರಿಗೂ ಬಾರದಿದ್ದಾಗ ಸರಣಿ ಪ್ಲಾಸ್ಟರ್. ವಾರ ಅಥವಾ ಎರಡು ವಾರಕ್ಕೊಮ್ಮೆ ಬಿಚ್ಚಿ, ಸ್ವಲ್ಪ ಮೇಲಕ್ಕೆ ಸರಿಸಿ, ಮತ್ತೆ ಹಾಕುತ್ತಾ ನಾಲ್ಕರಿಂದ ಎಂಟು ವಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆದಷ್ಟು ಬೇಡ, ನೆನೆದರೆ ಒಳಗಿನ ಹತ್ತಿ ಒಣಗದೆ ಚರ್ಮ ಕೊಳೆಯುತ್ತದೆ. ದೀಪಾವಳಿ ಕಳೆದು ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮೊದಲೇ ಮನೆಯಲ್ಲಿ ಹತ್ತು ಹತ್ತು ನಿಮಿಷ ಕ್ರೇಪ್ ಬ್ಯಾಂಡೇಜ್ ಸುತ್ತಿ ರೂಢಿ ಮಾಡಿಸಿ, ಪ್ಲಾಸ್ಟರ್ ಕೊಯ್ಯುವ ಯಂತ್ರದ ಸದ್ದನ್ನು ಮೊಬೈಲಿನಲ್ಲಿ ಸಣ್ಣಗೆ ಕೇಳಿಸಿ. ಮಾತು ಬಾರದ ಮಗು ನೋವನ್ನು ಹೇಳಲಾರದು. ಇದ್ದಕ್ಕಿದ್ದಂತೆ ಕಾಲೂರದಿರುವುದು, ತನ್ನನ್ನೇ ಕಚ್ಚಿಕೊಳ್ಳುವುದು, ರಾತ್ರಿಯಿಡೀ ನಿದ್ದೆಯಿಲ್ಲದಿರುವುದು, ಇವನ್ನು ಆಟಿಸಂನ ವರ್ತನೆ ಎಂದು ತಳ್ಳಿಹಾಕುವ ಸೇವೆ ಅಪಾಯಕಾರಿ. ಬೆರಳುಗಳು ನೀಲಿಯಾದರೆ, ತಣ್ಣಗಾದರೆ, ಊದಿದರೆ ಆ ಹೊತ್ತೇ ಹೋಗಿ ಬಿಚ್ಚಿಸಬೇಕು. ಪ್ಲಾಸ್ಟರ್ ಜೊತೆಗೆ ಸ್ನಾಯು ಸಡಿಲಿಸುವ ಬೊಟಾಕ್ಸ್ ಮದ್ದು ಚುಚ್ಚಿಸಿ ಎಂದರೆ ಪ್ರಶ್ನಿಸಿ: ಬೇರೆ ಕಾರಣವಿಲ್ಲದ ತುದಿಗಾಲ ನಡಿಗೆಯಲ್ಲಿ ಅದರಿಂದ ಹೆಚ್ಚಿನ ಲಾಭವಿಲ್ಲವೆಂದು ಸ್ವೀಡನ್ನಿನ 2013ರ ಹೋಲಿಕೆ ಅಧ್ಯಯನ ತೋರಿಸಿದೆ. ಶಸ್ತ್ರಚಿಕಿತ್ಸೆ ಕೊನೆಯ ಮಾತು. ಅದರಲ್ಲಿ ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ರಜ್ಜು ಅತಿಯಾಗಿ ಉದ್ದವಾದರೆ ಮಂಡಿ ಬಾಗಿಸಿಯೇ ನಡೆಯುವ ಸ್ಥಿತಿ ಬರುತ್ತದೆ, ಅದನ್ನು ಸರಿಪಡಿಸುವುದು ಇನ್ನೂ ಕಷ್ಟ.

ಖರ್ಚಿನ ಬಗ್ಗೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ಆಟಿಸಂ ಇರುವವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ, ಥೆರಪಿಯೂ ಅದರಲ್ಲಿ ಸೇರುತ್ತದೆ, ಒಳಮಿತಿಗಳಿವೆ. ವೈದ್ಯರ ಚೀಟಿ, ಮೂಲ ಬಿಲ್ಲು, ಥೆರಪಿಸ್ಟರ ಸಹಿ ಮುದ್ರೆ ಎಲ್ಲವನ್ನೂ ಆಯಾ ತಿಂಗಳೇ ತೆಗೆದಿಡಿ. ಬಿಲ್ಲು ಕೊಡಲು ಹಿಂಜರಿಯುವ ಸೆಂಟರ್ ಈ ಕಾರಣಕ್ಕೇ ದುಬಾರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಶೇ 40 ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರವಿದ್ದು ಆದಾಯ ಮಿತಿಯೊಳಗಿದ್ದರೆ ಕೇಂದ್ರದ ಎಡಿಐಪಿ ಯೋಜನೆಯಡಿ ಸಾಧನಗಳಿಗೆ ನೆರವು ಕೇಳಬಹುದು.

ಸೇವೆ ಯಾವಾಗ ನಿಲ್ಲಿಸಬಹುದು ಎಂದು ಮೊದಲ ತಿಂಗಳೇ ಕೇಳಿ ಬರೆಸಿಕೊಳ್ಳಿ. ಮಂಡಿ ನೇರವಿದ್ದಾಗ 10 ಡಿಗ್ರಿ ಬಂದು, ಬರಿಗಾಲಿನ 50 ಹೆಜ್ಜೆಗಳಲ್ಲಿ ಬಹುಪಾಲು ಹಿಮ್ಮಡಿ ತಾಗಿ, ಅದು ಮೂರು ತಿಂಗಳು ಉಳಿದರೆ ವಾರದ ಸೆಷನ್ ಬೇಕಿಲ್ಲ. ಹಲಗೆಯ ಐದು ನಿಮಿಷ ಮಾತ್ರ ಬಿಡಬೇಡಿ. ಮಗು ಸರ್ರನೆ ಎತ್ತರವಾದ ವರ್ಷ, ಪ್ಯಾಂಟು ಗಿಡ್ಡವಾದ ತಿಂಗಳು, ಮೂಳೆಯ ಬೆಳವಣಿಗೆಗೆ ಸ್ನಾಯು ಸಾಲದೆ ಹಿಮ್ಮಡಿ ಮತ್ತೆ ಏಳಬಹುದು. ಆಗ ಹೊಸ ಸೆಂಟರ್ ಹುಡುಕದೆ ಹಳೆಯ ಅಳತೆಯ ಹಾಳೆ ಹಿಡಿದು ಮೊದಲು ಅಳೆದವರ ಬಳಿಗೇ ಹೋಗಿ.